ಉರ್ದು ಫಲಕದ ಹಿಂದಿನ ಶಾಲೆ: ಭಾಲ್ಕಿಯ ಪಟ್ಟದ್ದೇವರು ಮತ್ತು ಗಡಿಯಾಚೆ ಉಳಿದ ತಾಲ್ಲೂಕುಗಳು

ಹಳೆಯ ಬೀದರ ಜಿಲ್ಲೆಯ ಕನ್ನಡ ಶಿಕ್ಷಣದ ಮಾತು ಬಂದಾಗಲೆಲ್ಲ ಒಂದು ಫಲಕದ ಕಥೆ ಬರುತ್ತದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದು ಆ ಕಥೆ. ಜಹೀರಾಬಾದ್, ನಾರಾಯಣಖೇಡಗಳ ಕನ್ನಡಿಗರಿಗೆ ಇದು ಪರಸ್ಥಳದ ಕಥೆಯಲ್ಲ. 1956ರವರೆಗೆ ಈ ಎರಡು ತಾಲ್ಲೂಕುಗಳೂ ಭಾಲ್ಕಿಯೂ ಒಂದೇ ಜಿಲ್ಲೆಗೆ ಸೇರಿದ್ದವು. ಆದರೆ ಕಥೆ ಹೇಳುವವರು ಸಾಮಾನ್ಯವಾಗಿ ಫಲಕದ ಜಾಣ್ಮೆಯನ್ನು ಮೆಚ್ಚಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಬಾಗಿಲಿಗೆ ಯಾವ ಫಲಕವನ್ನಾದರೂ ತೂಗಬಹುದು. ಬಾಗಿಲ ಒಳಗೆ ಮಕ್ಕಳು ವರ್ಷಗಟ್ಟಲೆ ಉಳಿದದ್ದು ಹೇಗೆ ಎಂಬ ಪ್ರಶ್ನೆಯೇ ಹೆಚ್ಚಿನದು.

ಪಟ್ಟದ್ದೇವರು 1890ರ ಡಿಸೆಂಬರ್ 22ರಂದು ಕಮಲನಗರದಲ್ಲಿ ಜನಿಸಿದರು. ಒಂದು ಮಗ್ಗುಲಿಗೆ ಮರಾಠಿ, ಮೇಲೆ ಆಡಳಿತದ ಉರ್ದು, ಮನೆಯೊಳಗೆ ಕನ್ನಡ ಎಂಬುದು ಆ ಸೀಮೆಯ ಸ್ಥಿತಿ. 1924ರಲ್ಲಿ ಅವರಿಗೆ ಭಾಲ್ಕಿ ಹಿರೇಮಠದ ಪಟ್ಟಾಧಿಕಾರವಾಯಿತು. 1936ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ಹೆಸರಿನ ವಿದ್ಯಾಸಂಸ್ಥೆ ಆರಂಭವಾಯಿತು. ನಲವತ್ತೈದರ ವಯಸ್ಸು ದಾಟಿದ ಮಠಾಧೀಶರೊಬ್ಬರು ಹೀಗೆ ಶಾಲಾಮಾಸ್ತರರ ಕೆಲಸಕ್ಕೆ ನಿಂತರು.

ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಕನ್ನಡ ನುಡಿಯುವವರು ನೂರಕ್ಕೆ ಸುಮಾರು 12ರಷ್ಟಿದ್ದರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ತೆರೆದುಕೊಂಡಿತು. ಪ್ರಾಥಮಿಕ ಹಂತದ ಆಚೆಗಿನ ಓದು, ಕಚೇರಿ, ನ್ಯಾಯಾಲಯ ಎಲ್ಲವೂ ಉರ್ದುವಿನ ದಾರಿಯಲ್ಲೇ ಸಾಗುತ್ತಿದ್ದವು. ಖಾಸಗಿ ಶಾಲೆ ತೆರೆಯಲು ಸರಕಾರದ ಅನುಮತಿ ಬೇಕಿತ್ತು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಫಲಕದ ಕಥೆಯನ್ನು ಉರ್ದುವಿನ ಮೇಲಿನ ಹಗೆಯಾಗಿ ಓದುವ ರೂಢಿಯೊಂದು ಈಚೆಗೆ ಬೆಳೆದಿದೆ. ಬೀದರ, ಜಹೀರಾಬಾದ್, ತಾಂಡೂರುಗಳ ಪೇಟೆಗಳಲ್ಲಿ ಉರ್ದು ನೆರೆಮನೆಯ ಮಾತು. ಕನ್ನಡ ಮನೆಗಳ ವಿದ್ಯಾವಂತರೂ ಅದನ್ನು ಓದಿ ಬರೆದು ಬಾಳಿದವರು. ತಕರಾರು ಇದ್ದದ್ದು ಮಗುವಿನ ಮೊದಲ ಅಕ್ಷರ ಯಾವುದಾಗಬೇಕು ಎಂಬುದನ್ನು ಆಳುವವರೇ ನಿರ್ಧರಿಸುವ ಪದ್ಧತಿಯ ಬಗ್ಗೆ.

ಪಟ್ಟದ್ದೇವರ ಉತ್ತರ ಅವರ ಭಕ್ತಿಯೊಳಗಿಂದಲೇ ಬಂದದ್ದು. ಶರಣ ಪರಂಪರೆಯಲ್ಲಿ ದಾಸೋಹವೆಂದರೆ ಅನ್ನವೂ ಹೌದು, ಅರಿವೂ ಹೌದು. ಅವರು ಶಾಲೆಯ ಬಗಲಿಗೆ ಪ್ರಸಾದ ನಿಲಯವನ್ನು ನಡೆಸಿದರು. ಅದಕ್ಕಾಗಿ ಜೋಳಿಗೆ ಹಿಡಿದು ಊರೂರು ಸುತ್ತಿದರು. ಜೋಳದ ಸೀಮೆಯ ಹಳ್ಳಿಯಿಂದ ಬರುವ ಬಡ ಹುಡುಗನಿಗೆ ಮಾಧ್ಯಮದ ಪ್ರಶ್ನೆಗಿಂತ ಮುಂಚೆ ಎದುರಾಗುವುದು ರಾತ್ರಿಯ ಊಟದ ಪ್ರಶ್ನೆ. ಎರಡು ಹೊತ್ತಿನ ರೊಟ್ಟಿ ಗೊತ್ತಾದ ಮೇಲೆ ಅವನು ಯಾವ ಭಾಷೆಯಲ್ಲಾದರೂ ಕಲಿತಾನು, ತನ್ನ ಭಾಷೆಯಲ್ಲೂ ಕಲಿತಾನು. ಆ ಕಾಲದ ಕನ್ನಡ ಚಳವಳಿಯ ಬಹುಪಾಲು ಬರಹ ನಾಡು, ನುಡಿ, ಏಕೀಕರಣಗಳ ಎತ್ತರದ ಮಾತಿನಲ್ಲಿದೆ. ಭಾಲ್ಕಿಯ ಪ್ರಯೋಗ ಮಾತ್ರ ಧಾನ್ಯದ ಲೆಕ್ಕದಿಂದ ಹೊರಟಿತು. ಬೆಳಗಿನ ಲಿಂಗಪೂಜೆಗೂ ನಂತರದ ಅಕ್ಷರಪಾಠಕ್ಕೂ ನಡುವೆ ಅವರು ಗೆರೆ ಎಳೆಯಲಿಲ್ಲ. ಇಂಥ ಶಾಲೆಗೆ ಮಿತಿಗಳಿಲ್ಲದೆ ಇರಲಿಲ್ಲ. ಮಠದ ಭಕ್ತವಲಯ ತಲುಪದ ಕಡೆ ಜೋಳಿಗೆಯೂ ತಲುಪುವುದು ಕಷ್ಟ. ಆದರೂ ಆಳರಸರು ಒಪ್ಪಲಿ ಬಿಡಲಿ ನಡೆಯಬಲ್ಲ ಕನ್ನಡ ಶಾಲೆ ಅದೊಂದೇ ಬಗೆಯದಾಗಿತ್ತು.

ಜಿಲ್ಲೆಯನ್ನು ಒಡೆದ ಪ್ರಸಂಗ ಆಮೇಲಿನದು. 1955ರಲ್ಲಿ ವರದಿ ಒಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳೊಂದಿಗೆ ಉಳಿಕೆಯ ಹೈದರಾಬಾದ್ ರಾಜ್ಯದಲ್ಲೇ ಇಡಬೇಕೆಂದು ಸೂಚಿಸಿತ್ತು. ಮರಾಠಿಯ ಹಕ್ಕುಸಾಧನೆ ಬೇರೆ ಇತ್ತು. ಪಟ್ಟದ್ದೇವರು ಬೀದರ ಕನ್ನಡ ರಾಜ್ಯಕ್ಕೇ ಸೇರಬೇಕೆಂದು ಹೋರಾಡಿದರು. 1956ರ ಕಾಯ್ದೆ ಜಿಲ್ಲೆಯನ್ನು ಮೂರು ಪಾಲು ಮಾಡಿತು. ಅಹಮದಪುರ, ನಿಲಂಗಾ, ಉದಗೀರ ಮುಂಬಯಿಗೆ ಹೋದವು. ಭಾಲ್ಕಿ, ಬೀದರಗಳು ಮೈಸೂರಿಗೆ ಬಂದವು. ನಾರಾಯಣಖೇಡ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ಮತ್ತು ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಆಂಧ್ರಪ್ರದೇಶದ ಪಾಲಾದವು. ಗುಲಬರ್ಗಾ ಜಿಲ್ಲೆಯ ತಾಂಡೂರೂ ಅದೇ ದಾರಿ ಹಿಡಿಯಿತು. ನಿರ್ಣಾದ ಹುಡುಗನೂ ಜಹೀರಾಬಾದಿನ ಹುಡುಗನೂ ಅಕ್ಟೋಬರ್ 31ರಂದು ಒಂದೇ ತಾಲ್ಲೂಕಿನವರು; ನವೆಂಬರ್ 1ರಂದು ಒಬ್ಬನ ಕನ್ನಡ ರಾಜ್ಯಭಾಷೆಯಾಯಿತು, ಇನ್ನೊಬ್ಬನದು ಅಲ್ಪಸಂಖ್ಯಾತ ಭಾಷೆಯಾಯಿತು. ಏಕೀಕರಣದ ಇತಿಹಾಸಗಳಲ್ಲಿ ಈ ಎರಡನೆಯ ಹುಡುಗನಿಗೆ ಒಂದು ಪುಟವೂ ಸಿಗುವುದು ಅಪರೂಪ. ಭಾಲ್ಕಿಯಲ್ಲಿ ಗೆಲುವೆಂದು ನೆನೆಯುವ ದಿನವನ್ನು ನಾರಾಯಣಖೇಡದಲ್ಲಿ ಹಾಗೆಯೇ ನೆನೆಯಲಾಗದು.

ಭಕ್ತಿಗೆ ಈ ಗಡಿ ತಡೆಯಾಗಲಿಲ್ಲ. ಜಹೀರಾಬಾದ್ ಬಳಿಯ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಕರ್ನಾಟಕದ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ತಾಂಡೂರಿನ ಭದ್ರೇಶ್ವರ ಜಾತ್ರೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಶಾಲೆಯ ಸಂಗತಿ ಬೇರೆ. ಪಠ್ಯಪುಸ್ತಕ, ಪರೀಕ್ಷೆ, ಪ್ರಮಾಣಪತ್ರ, ಸಂಬಳ ಇವೆಲ್ಲ ರಾಜ್ಯದ ಕೈಯಲ್ಲಿರುವಂಥವು. ಅವು ಜೋಳಿಗೆಯಲ್ಲಿ ಗಡಿ ದಾಟಲಾರವು. ಈ ತಾಲ್ಲೂಕುಗಳ ಕನ್ನಡ ಶಿಕ್ಷಕ ಹೀಗಾಗಿ ಮಠದ ಬೆನ್ನಿಲ್ಲದೆ ಸರಕಾರಿ ನೌಕರನಾಗಿ ನಿಂತ. ಅವನ ಆಸರೆ ಎರಡು. ಒಂದು, 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ರಾಜ್ಯ ಅನುಕೂಲ ಕಲ್ಪಿಸಬೇಕು. ಇನ್ನೊಂದು, 1949ರ ಆಗಸ್ಟ್‌ನಲ್ಲಿ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಲೆಕ್ಕ: ಶಾಲೆಯಲ್ಲಿ ಒಟ್ಟು 40 ಅಥವಾ ತರಗತಿಯೊಂದರಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ನೇಮಿಸಬೇಕು.

ಈ ಹತ್ತರ ಲೆಕ್ಕ ಶಿಕ್ಷಕನ ವೃತ್ತಿಯನ್ನೇ ಬದಲಿಸಿತು. ಒಂಬತ್ತು ಮಕ್ಕಳಾದರೆ ಹುದ್ದೆಗೆ ಕುತ್ತು. ಆ ಹುದ್ದೆ ಹೋದರೆ ಮುಂದಿನ ವರ್ಷ ಹತ್ತನೆಯ ಮಗು ಬಂದರೂ ಕಲಿಸುವವರಿಲ್ಲ. ಪಟ್ಟದ್ದೇವರ ಮುಂದೆ ಇಂಥ ಹಾಜರಿಯ ಪರೀಕ್ಷೆ ಇರಲಿಲ್ಲ, ಅನುಮತಿಯ ಪರೀಕ್ಷೆ ಇತ್ತು. ಎರಡರಲ್ಲೂ ದಾಟುವ ಬಗೆ ಮಾತ್ರ ಒಂದೇ ಆಗಿ ಉಳಿದಿದೆ: ಮನೆಮನೆಗೆ ಹೋಗುವುದು.

ಪಟ್ಟದ್ದೇವರು 1999ರ ಏಪ್ರಿಲ್ 22ರಂದು ಲಿಂಗೈಕ್ಯರಾದರು. 2016ರಲ್ಲಿ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ತೆಲಂಗಾಣದ ಶಿಕ್ಷಕ ಅರ್ಹತಾ ಪರೀಕ್ಷೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಜೂನ್ ತಿಂಗಳಲ್ಲಿ ‘ಬಡಿ ಬಾಟ’ ಆರಂಭವಾದಾಗ ಸರಕಾರಿ ಶಾಲೆಗಳ ಶಿಕ್ಷಕರು ಮಕ್ಕಳ ಹೆಸರು ಬರೆದುಕೊಳ್ಳಲು ಓಣಿ ಓಣಿ ತಿರುಗುತ್ತಾರೆ. ಕನ್ನಡದ ತರಗತಿ ನಡೆಸುವವರು ಆ ಪಟ್ಟಿಯಲ್ಲಿ ಮೊದಲು ಹತ್ತನ್ನು ಎಣಿಸಿಕೊಳ್ಳಬೇಕು.