ಕ್ಯಾನ್ಸರ್ ಚಿಕಿತ್ಸೆಯ ಭೌಗೋಳಿಕ ಲಭ್ಯತೆ (ತೇನಿ–ದಿಂಡಿಗಲ್)
ರೋಗಿಯ ವಾಸಸ್ಥಳಕ್ಕೂ ಕ್ಯಾನ್ಸರ್ ತಪಾಸಣೆ, ಚಿಕಿತ್ಸೆ ಸಿಗುವ ಸ್ಥಳಕ್ಕೂ ಇರುವ ದೂರ, ದಾರಿ ಮತ್ತು ವೆಚ್ಚಗಳ ಸಂಬಂಧ. ರೋಗ ಪತ್ತೆಯಾಗುವ ಹಂತ, ಚಿಕಿತ್ಸೆಯ ಪೂರ್ಣತೆ ಹಾಗೂ ಬದುಕುಳಿಯುವ ಸಾಧ್ಯತೆಗಳ ಮೇಲೆ ಇದು ಪ್ರಭಾವ ಬೀರುತ್ತದೆ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ಪಶ್ಚಿಮಘಟ್ಟದ ಬೆಟ್ಟಗಳ ನಡುವಿದೆ. ಅಲ್ಲಿನವರಿಗೆ ವಿಶೇಷ ಚಿಕಿತ್ಸೆಗೆ ಪ್ರಮುಖ ಕೇಂದ್ರ ಮಧುರೈ. ವಿಕಿರಣ ಚಿಕಿತ್ಸೆ ಹಲವು ವಾರ ನಡೆಯುವುದರಿಂದ ಪ್ರಯಾಣ, ವಸತಿ, ಕೂಲಿನಷ್ಟಗಳು ಅದನ್ನು ಅರ್ಧಕ್ಕೆ ನಿಲ್ಲಿಸಲು ಕಾರಣವಾಗಬಲ್ಲವು. ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲಿ 2000–2003ರಲ್ಲಿ ಒಂದು ಪ್ರಯೋಗದ ಅಂಗವಾಗಿ ತರಬೇತಿ ಪಡೆದ ದಾದಿಯರು 30–59 ವಯಸ್ಸಿನ ಮಹಿಳೆಯರ ಗರ್ಭಕಂಠವನ್ನು ಅಸಿಟಿಕ್ ಆಮ್ಲ ಲೇಪಿಸಿ ಬರಿಗಣ್ಣಿನಿಂದ ಪರೀಕ್ಷಿಸಿ, ಅಗತ್ಯವಿದ್ದವರಿಗೆ ಶೈತ್ಯಚಿಕಿತ್ಸೆ ನೀಡಿದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ತಪಾಸಣೆ ನಡೆಯದ ಗುಂಪಿಗೆ ಹೋಲಿಸಿದರೆ ತಪಾಸಣೆ ನಡೆದ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರ್ ಶೇ. 25ರಷ್ಟು, ಅದರಿಂದಾದ ಸಾವು ಶೇ. 35ರಷ್ಟು ಕಡಿಮೆಯಿತ್ತು. ಪ್ರಯೋಗಾಲಯ ಬೇಡದ ಸರಳ ತಪಾಸಣೆಯನ್ನು ಹಳ್ಳಿಗೆ ಒಯ್ದರೆ ಜೀವ ಉಳಿಯುತ್ತದೆಂಬುದನ್ನು ಇದು ತೋರಿಸಿತು.