ಪಾಠದ ವಿಷಯವಾದವರು

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಶುಲ್ಕವಿಲ್ಲದ ತರಗತಿ ಎಂದೊಡನೆ ಲಂಡನ್ನಿನ ಉದಾಹರಣೆ ಬರುತ್ತದೆ. 2009ರಲ್ಲಿ ಆ ನಗರದ ನೈಋತ್ಯ ಭಾಗದಲ್ಲಿ ಇಂಗ್ಲೆಂಡಿನ ಮೊದಲ ‘ರಿಕವರಿ ಕಾಲೇಜು’ ಶುರುವಾಯಿತು. ಅಲ್ಲಿಗೆ ಬಂದವರು ರೋಗಿಗಳಲ್ಲ, ವಿದ್ಯಾರ್ಥಿಗಳು. ಪಾಠ ಕಟ್ಟುವಾಗ ವೃತ್ತಿಪರರ ಪಕ್ಕದಲ್ಲಿ ಕಾಯಿಲೆಯನ್ನು ಸ್ವತಃ ಅನುಭವಿಸಿದವರೂ ಕೂತರು. ಅದಕ್ಕೂ ಸುಮಾರು ಮೂರು ದಶಕ ಮೊದಲೇ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಇದರ ಅರ್ಧ ಕೆಲಸ ನಡೆದಿತ್ತು. ಯಾವ ಅರ್ಧ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1975ರಲ್ಲಿ ನಿಮ್ಹಾನ್ಸ್ ಸಮುದಾಯ ಮನೋವೈದ್ಯ ಘಟಕವನ್ನು ತೆರೆಯಿತು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲ. ಹಳ್ಳಿಗೆ ಅವರನ್ನು ಕಳಿಸುವುದು ಆಗದ ಮಾತು, ಆದ್ದರಿಂದ ಅವರ ತಿಳಿವಳಿಕೆಯಲ್ಲಿ ಒಂದಿಷ್ಟನ್ನು ಕಳಿಸೋಣ ಎಂಬುದು ಲೆಕ್ಕಾಚಾರ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಸಕಲವಾರದಲ್ಲಿ ತರಬೇತಿ ಪಡೆದರು. ಕಾರ್ಯಕರ್ತರಿಗೆ ರೋಗಗಳ ದೊಡ್ಡ ದೊಡ್ಡ ಹೆಸರುಗಳ ಹೊರೆ ಇರಲಿಲ್ಲ. ಮನೆ ಮನೆಗೆ ಹೋದಾಗ ತೀವ್ರ ಕಾಯಿಲೆಯನ್ನು ಗುರುತಿಸುವುದು, ಮೂರ್ಛೆರೋಗದವರನ್ನು ಕೇಂದ್ರಕ್ಕೆ ಕಳಿಸುವುದು, ಮಾತ್ರೆ ನಿಲ್ಲಿಸಿದವರನ್ನು ಹುಡುಕಿಕೊಂಡು ಹೋಗುವುದು, ಮನೆಯವರಿಗೆ ಧೈರ್ಯ ಹೇಳುವುದು, ಇಷ್ಟೇ ಪಾಠ. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್ ಮುಂತಾದವರು ಅದಕ್ಕಾಗಿ ಕೈಪಿಡಿಗಳನ್ನು ಸಿದ್ಧಪಡಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಆ ದಶಕದ ಮಧ್ಯದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಈ ಕ್ರಮವನ್ನು ನಡೆಸಿ ನೋಡಿದರು. ಬಿಸಿಲಿನ ಬಳ್ಳಾರಿ ದೇಶಕ್ಕೇ ‘ಮಾದರಿ’ಯಾಯಿತು.

ಇದು ಸಣ್ಣ ಸಾಧನೆಯಲ್ಲ. ಆದರೆ ಕಲಿಸುವವರು ತಜ್ಞರು, ಕಲಿಯುವವರು ಸರ್ಕಾರಿ ನೌಕರರು. ಕಾಯಿಲೆ ಬಿದ್ದವರು ಆ ತರಗತಿಯಲ್ಲಿ ಪಾಠದ ವಿಷಯವಷ್ಟೇ. ಇದಕ್ಕಿಂತ ಹಳೆಯ, ಇನ್ನಷ್ಟು ಧೈರ್ಯದ ಪ್ರಯೋಗ 1950ರ ದಶಕದ ಅಮೃತಸರದಲ್ಲಿ ಆಗಿತ್ತು. ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡರು, ಎಲ್ಲರನ್ನೂ ಕೂರಿಸಿ ಕಾಯಿಲೆಯ ಬಗ್ಗೆ ಮಾತಾಡಿದರು. ಡೇರೆಯ ಆ ಪಾಠ ಸರ್ಕಾರದ ಯೋಜನೆಯೊಳಗೆ ಬರುವಷ್ಟರಲ್ಲಿ ಬಹಳಷ್ಟು ಸೊರಗಿತು. ಉಳಿದದ್ದು ಮಾತ್ರೆ ಮತ್ತು ರಿಜಿಸ್ಟರು.

ಕನ್ನಡದಲ್ಲಿ ‘ಗುಣವಾಯಿತು’ ಎನ್ನುತ್ತೇವೆ. ಗುಣ ಎಂದರೆ ವಾಸಿಯೂ ಹೌದು, ಸ್ವಭಾವವೂ ಹೌದು. ಮನಸ್ಸಿನ ಕಾಯಿಲೆಯ ವಿಚಾರಕ್ಕೆ ಬಂದರೆ ಈ ಪದ ತುಸು ಕಠಿಣ, ಏಕೆಂದರೆ ಗುಣವಾಗದವರು ಏನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ‘ಚೇತರಿಸಿಕೊಳ್ಳುವುದು’ ಬೇರೆ. ಅದರಲ್ಲಿ ‘ಕೊಳ್ಳು’ ಇದೆ, ಮಾಡುವವರು ತಾವೇ. ಮಾತ್ರೆ ಮುಂದುವರಿದಿದ್ದರೂ ಚೇತರಿಸಿಕೊಳ್ಳುತ್ತಿರಬಹುದು, ಕೆಲಸಕ್ಕೆ ಹೋಗುತ್ತಿರಬಹುದು, ಪಾಠವನ್ನೂ ಹೇಳಬಹುದು.

1996ರಲ್ಲಿ ಬಳ್ಳಾರಿಯ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ನಾಲ್ಕು ರಾಜ್ಯಗಳ ನಾಲ್ಕು ಜಿಲ್ಲೆಗಳಿಗೆ ಹೋಯಿತು. ಅಂದಿನ ಆಂಧ್ರಪ್ರದೇಶದ ಪಾಲಿಗೆ ಬಂದದ್ದು ಹೈದರಾಬಾದಿಗೆ ಅಂಟಿಕೊಂಡ ಮೇದಕ್. ಆಗಿನ ಆ ಜಿಲ್ಲೆಯ ಇನ್ನೊಂದು ಅಂಚು, ಜಹೀರಾಬಾದ್, ನಾರಾಯಣಖೇಡದ ಕಡೆ, ಬೀದರಿಗೆ ತಾಗುತ್ತದೆ. ಅಲ್ಲಿ ಮನೆಯಲ್ಲಿ ಕನ್ನಡ ಆಡುವವರಿದ್ದಾರೆ. ತೆಲುಗಿನಲ್ಲೂ ಇದೇ ಜೋಡಿ ಇದೆ: ‘ನಯಮವಡಂ’ ಎಂದರೆ ವಾಸಿಯಾಗುವುದು, ‘ಕೋಲುಕೋವಡಂ’ ಎಂದರೆ ಮೆಲ್ಲಗೆ ಚೇತರಿಸಿಕೊಳ್ಳುವುದು. ಎರಡನೆಯ ಪದ ಗೊತ್ತಿದ್ದವರು ಗಡಿಯ ಎರಡೂ ಬದಿಯಲ್ಲಿದ್ದರು. ತರಗತಿಯಲ್ಲಿ ಅವರಿಗೆಂದು ಕುರ್ಚಿ ಹಾಕಿರಲಿಲ್ಲ.