ಚಾಸಿ ಹಳೆಯದು, ಬಾಡಿ ಬೇರೆಯದು

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊನೆಯ ಮನೆಯವರು ಊರು ಬಿಡುವ ಮುನ್ನ ಗ್ಯಾರೇಜ್ ಸೇಲ್ ಇಟ್ಟಿದ್ದರು. ನಾವು ಹೋದದ್ದು ಒಂದು ಏಣಿಗಾಗಿ. ಏಣಿ ಆಗಲೇ ಮಾರಿಹೋಗಿತ್ತು. ಬರಿಗೈಯಲ್ಲಿ ಹಿಂದಿರುಗಲು ಮನಸ್ಸಾಗದೆ ಐದು ಡಾಲರು ಕೊಟ್ಟು ಒಂದು ಹಳೆಯ ಶೂ ಪೆಟ್ಟಿಗೆಯನ್ನು ಹೊತ್ತು ತಂದೆವು. ಒಳಗಿದ್ದದ್ದು ಬೆರಳುದ್ದದ ನಾಲ್ಕು ಪ್ಲಾಸ್ಟಿಕ್ ಚಾಸಿಗಳು, ಅಂಗೈ ಉದ್ದದ ಹಿತ್ತಾಳೆಯ ಚಾಸಿ ಒಂದು, ಮತ್ತು ಹಿಂದಿನ ಮಡ್‌ಗಾರ್ಡುಗಳನ್ನು ಯಾರೋ ಕತ್ತರಿಸಿ ಹಾಕಿದ್ದ ಪುಟ್ಟ ಜಾಗ್ವಾರ್ ಬಾಡಿ. ಐದು ಚಾಸಿಗೆ ಒಂದೇ ಬಾಡಿ! ಇವು ಸ್ಲಾಟ್ ಕಾರುಗಳು ಎಂದು ನಮಗೆ ಹೇಳಿಕೊಟ್ಟವನು ಮಾರಿದವನಲ್ಲ, ನಮ್ಮ ಚಿರಂಜೀವಿ.

ಕಾಣದವರಿಗಾಗಿ ಎರಡು ಮಾತು. ಸ್ಲಾಟ್ ಕಾರು ಓಡುವ ರಸ್ತೆಯ ನಡುವೆ ಉದ್ದಕ್ಕೂ ಒಂದು ಸೀಳು ಇರುತ್ತದೆ. ಸೀಳಿನ ಎರಡೂ ಪಕ್ಕದಲ್ಲಿ ಲೋಹದ ಪಟ್ಟಿ, ಅದರಲ್ಲಿ ಕಡಿಮೆ ವೋಲ್ಟಿನ ವಿದ್ಯುತ್ತು. ಕಾರಿನ ಮೂತಿಯ ಕೆಳಗಿನ ಕಡ್ಡಿ ಸೀಳಿನೊಳಗೆ ಇಳಿದು ದಾರಿ ತೋರಿಸುತ್ತದೆ. ಅಡಿಯ ಲೋಹದ ನಾಲಗೆಗಳು ಪಟ್ಟಿಯನ್ನು ಮುಟ್ಟಿ ವಿದ್ಯುತ್ತನ್ನು ಮೋಟಾರಿಗೆ ತಲುಪಿಸುತ್ತವೆ. ಆಡುವವನ ಕೈಯಲ್ಲಿರುವುದು ವೇಗ ಮಾತ್ರ. ತಿರುವಿನಲ್ಲಿ ವೇಗ ತಗ್ಗಿಸದಿದ್ದರೆ ಕಾರು ಹಾರಿ ಸೋಫಾದ ಕೆಳಗೆ ಹೋಗುತ್ತದೆ. ಓಡುವ ಅಂಗಗಳೆಲ್ಲ ಚಾಸಿಯಲ್ಲಿ. ಮೇಲಿನ ಬಾಡಿ ಕೇವಲ ಚಿಪ್ಪು.

ಬಾಲ್ಯದಲ್ಲಿ ಹೆದ್ದಾರಿಯ ಬದಿ ನಿಂತವರಿಗೆ ಬರಿಯ ಲಾರಿ ಚಾಸಿಯ ಸವಾರಿ ನೆನಪಿರಬಹುದು. ಮೇಲೆ ಬಾಡಿ ಇಲ್ಲ, ಕ್ಯಾಬಿನ್ನಿಲ್ಲ. ತಲೆಗೆ ಟವೆಲ್ಲು ಸುತ್ತಿ, ಧೂಳು ಕನ್ನಡಕ ಹಾಕಿಕೊಂಡು, ಹಲಗೆಯ ಮೇಲೆ ಕುಳಿತ ಡ್ರೈವರು ಅದನ್ನು ಬಾಡಿ ಕಟ್ಟುವವರ ಊರಿಗೆ ಓಡಿಸಿಕೊಂಡು ಹೋಗುತ್ತಿದ್ದ. ನಮ್ಮ ಪೆಟ್ಟಿಗೆಯ ಪ್ರಾಣಿಗಳೂ ಹಾಗೇ ಕಂಡವು. ಇವುಗಳಿಗೂ ಬಾಡಿ ಕಟ್ಟಿಸಬೇಕು ಎಂದು ಆ ದಿನವೇ ತೀರ್ಮಾನವಾಯಿತು. ಹೇಗೆಂದು ಹುಡುಕಹೊರಟಾಗ ತಿಳಿದುಬಂದದ್ದೇನೆಂದರೆ, ಈ ಆಟಿಕೆಯ ಒಂದು ಪ್ರಸಿದ್ಧ ಹೆಸರು ಹುಟ್ಟಿದ್ದೇ ಬಾಡಿ ಮತ್ತು ಚಾಸಿಗಳ ಅದಲುಬದಲಿನಿಂದ.

ಇಂಗ್ಲೆಂಡಿನಲ್ಲಿ ಮಿನಿಮಾಡಲ್ಸ್ ಎಂಬ ಸಂಸ್ಥೆ ನಡೆಸುತ್ತಿದ್ದ ಫ್ರೆಡ್ ಫ್ರಾನ್ಸಿಸ್ ಎಂಬಾತ 1952ರಿಂದ ಸ್ಕೇಲೆಕ್ಸ್ ಎಂಬ ತಗಡಿನ ಕಾರುಗಳನ್ನು ಮಾರುತ್ತಿದ್ದ. ಅವುಗಳ ಹೊಟ್ಟೆಯಡಿ ಐದನೆಯ ಪುಟ್ಟ ಚಕ್ರವೊಂದಿತ್ತು. ಕಾರನ್ನು ನೆಲಕ್ಕೊತ್ತಿ ಹಿಂದಕ್ಕೆಳೆದರೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತಿತ್ತು, ಬಿಟ್ಟರೆ ಓಡುತ್ತಿತ್ತು. ಕೆಲವು ವರ್ಷಗಳಲ್ಲಿ ಮಕ್ಕಳಿಗೆ ಬೇಸರ ಬಂದು ಮಾರಾಟ ಇಳಿಯಿತು. ಆಗ ಫ್ರಾನ್ಸಿಸ್ ಮಾಡಿದ ಉಪಾಯ ಸರಳ. ಅದೇ ತಗಡಿನ ಬಾಡಿಯೊಳಗಿನ ಸ್ಪ್ರಿಂಗನ್ನು ಕಿತ್ತು ವಿದ್ಯುತ್ ಮೋಟಾರು ಕೂರಿಸಿದ. ಕಾರನ್ನು ದಾರಿಯಲ್ಲಿಡಲು ರಬ್ಬರಿನ ರಸ್ತೆಗೆ ಸೀಳು ಕೊಟ್ಟ. ‘ಸ್ಕೇಲೆಕ್ಸ್’ಗೆ ‘ಎಲೆಕ್ಟ್ರಿಕ್’ನ ಬಾಲ ಸೇರಿ ‘ಸ್ಕೇಲೆಕ್ಸ್‌ಟ್ರಿಕ್’ ಆಯಿತು. 1957ರ ಜನವರಿಯಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಬೇಡಿಕೆ ಪೂರೈಸಲಾಗದೆ ಆತ ಮರುವರ್ಷವೇ ಸಂಸ್ಥೆಯನ್ನು ಲೈನ್ಸ್ ಬ್ರದರ್ಸ್‌ಗೆ ಮಾರಿದ. ಅವರು 1960ರಲ್ಲಿ ತಗಡನ್ನು ಬಿಟ್ಟು ಪ್ಲಾಸ್ಟಿಕ್ ಬಾಡಿಗೆ ಬಂದರು. ಅಂದರೆ ಹಳೆಯ ಬಾಡಿಗೆ ಹೊಸ ಒಡಲು ಕೊಟ್ಟದ್ದೇ ಸ್ಕೇಲೆಕ್ಸ್‌ಟ್ರಿಕ್‌ನ ಮೊದಲ ಹೆಜ್ಜೆ. ನಾವು ಮಾಡಹೊರಟದ್ದು ಇದರ ತಿರುವುಮುರುವು, ಅಷ್ಟೆ.

ನಮ್ಮ ನಾಲ್ಕು ಪುಟ್ಟ ಚಾಸಿಗಳ ಕಥೆ ಅಮೆರಿಕದ್ದು. ನ್ಯೂಯಾರ್ಕಿನ ಅರೋರಾ ಸಂಸ್ಥೆ 1960ರಲ್ಲಿ ಇಂಗ್ಲೆಂಡಿನ ಪ್ಲೇಕ್ರಾಫ್ಟ್‌ನವರಿಂದ ಹಕ್ಕು ಪಡೆದು, ಆಟಿಕೆ ರೈಲಿನ ಪಕ್ಕ ನಿಲ್ಲಿಸಬಹುದಾದಷ್ಟು ಚಿಕ್ಕ ಕಾರುಗಳನ್ನು ತಂದಿತು. ಮೊದಲಿನವು ಗುಂಯ್ ಎಂದು ನಡುಗುತ್ತ ಓಡುವ ವೈಬ್ರೇಟರುಗಳು. 1963ರಲ್ಲಿ ಬಂದದ್ದು ಥಂಡರ್‌ಜೆಟ್ 500. ಅಷ್ಟು ಚಿಕ್ಕ ಕಾರಿನೊಳಗೆ ಮೋಟಾರು ಹಿಡಿಸಲು ಅದರ ಆರ್ಮೇಚರನ್ನು ದೋಸೆಯಂತೆ ಅಡ್ಡ ಮಲಗಿಸಿದರು. ದಂಡ ನೆಟ್ಟಗೆ ಮೇಲಕ್ಕೆ ಬಂದು, ಚಾಸಿಯ ನೆತ್ತಿಯ ಮೇಲಿನ ಹಲ್ಲುಚಕ್ರಗಳನ್ನು ತಿರುಗಿಸಿ, ಅಲ್ಲಿಂದ ಶಕ್ತಿ ಹಿಂದಿನ ಆಕ್ಸಲಿಗೆ ಇಳಿಯುತ್ತದೆ. ಇಲ್ಲಿಯವರು ಇದನ್ನು ಪ್ಯಾನ್‌ಕೇಕ್ ಮೋಟಾರು ಎನ್ನುತ್ತಾರೆ. ದೋಸೆ ಎಂಬ ನಮ್ಮ ಅನುವಾದವನ್ನು ಯಾರೂ ಆಕ್ಷೇಪಿಸಲಾರರು.

ಜಾಣತನವೆಂದರೆ ಇದಲ್ಲ. ಒಂದೇ ಚಾಸಿಯನ್ನು ಲಕ್ಷಗಟ್ಟಲೆ ಮಾಡಿ, ಅದರ ಮೇಲೆ ಹತ್ತಾರು ಬಗೆಯ ಬಾಡಿ ಕೂರಿಸಿದರಲ್ಲ, ಅದು. ಮುಂದಿನ ಆಕ್ಸಲಿಗೆ ಚಾಸಿಯಲ್ಲಿ ಎರಡು ಕಡೆ ತೂತು. ಚಿಕ್ಕ ಕಾರಿಗೆ ಹಿಂದಿನದು, ಉದ್ದ ಕಾರಿಗೆ ಮುಂದಿನದು. ಬಾಡಿಯನ್ನು ಹಿಡಿಯಲು ಕೆಳಗಿನಿಂದ ಎರಡು ತಿರುಪು, ಮುಂದೊಂದು ಹಿಂದೊಂದು. ಜಾಗ್ವಾರ್ ತೆಗೆದು ಫೋರ್ಡ್ ಕೂರಿಸಲು ಎರಡು ನಿಮಿಷ ಸಾಕು. ಟೆಲಿವಿಷನ್ನಿನ ಬ್ಯಾಟ್‌ಮನ್ ಮನೆಮಾತಾದಾಗ ಅವನ ಕಾರೂ ಅದೇ ಚಾಸಿಯ ಮೇಲೆ ಬಂದು ಕುಳಿತಿತು.

ಇದಕ್ಕೆ ತೆತ್ತ ಬೆಲೆಯೂ ಉಂಟು. ಚಾಸಿಯ ಅಗಲ, ಎತ್ತರ ಬದಲಾಗವು, ಬದಲಾಗಬೇಕಾದದ್ದು ಬಾಡಿಯೇ. ಆದ್ದರಿಂದ ತೆಳ್ಳನೆಯ ಕಾರು ಊದಿಕೊಂಡಿತು, ಉದ್ದನೆಯದು ಮುದುಡಿತು. ಅಳತೆಗೋಲು ಹಿಡಿದು ನೋಡಿದರೆ ಒಂದೇ ಪೆಟ್ಟಿಗೆಯ ಎರಡು ಕಾರುಗಳ ಪ್ರಮಾಣ ಒಂದಕ್ಕೊಂದು ಹೊಂದದು. ಆದರೂ ಎಲ್ಲವೂ ನೋಡಲು ಚೆನ್ನ. ಅಚ್ಚು ಮಾಡಿದವರ ಕಣ್ಣಿಗೆ ನಮಸ್ಕಾರ ಹೇಳಬೇಕು.

ನಮ್ಮ ಜಾಗ್ವಾರಿನ ಮಡ್‌ಗಾರ್ಡು ಯಾಕೆ ಕತ್ತರಿಸಿತ್ತು ಎಂಬುದೂ ಇಲ್ಲೇ ತಿಳಿಯಿತು. ಅಂದಿನ ಹುಡುಗರು ವೇಗಕ್ಕಾಗಿ ಹಿಂದಕ್ಕೆ ಅಗಲ ಟಯರು ಹಾಕುತ್ತಿದ್ದರು. ಅವು ಬಾಡಿಗೆ ಉಜ್ಜಿದರೆ ಅಪ್ಪನ ಚಾಕು ತಂದು ಪ್ಲಾಸ್ಟಿಕ್ಕನ್ನು ಕೆತ್ತಿಬಿಡುತ್ತಿದ್ದರು. ಇಂದು ಹಳೆಯ ಬಾಡಿ ಕೊಳ್ಳುವವರು ಮೊದಲು ನೋಡುವುದು ಎರಡನ್ನು: ಮಡ್‌ಗಾರ್ಡು ಕತ್ತರಿಸಿದೆಯೇ, ತಿರುಪು ಅತಿಯಾಗಿ ಬಿಗಿದು ಒಳಗಿನ ಕಂಬ ಸೀಳಿದೆಯೇ. ಎರಡೂ ಸರಿಯಿದ್ದರೆ ಬೆಲೆ ಏರುತ್ತದೆ. ಆ ಹುಡುಗನನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಅವನಿಗೆ ಅದು ಪುರಾತನ ವಸ್ತುವಲ್ಲ, ಆಟಿಕೆ.

ಹಿತ್ತಾಳೆ ಚಾಸಿಯದು ಬೇರೆ ವಂಶ. 1960ರ ದಶಕದ ನಡುವಿನಲ್ಲಿ ಈ ದೇಶದ ಊರೂರಿನಲ್ಲೂ ಸ್ಲಾಟ್ ರೇಸಿನ ಅಂಗಡಿಗಳೆದ್ದವು. ದೊಡ್ಡ ಹಾಲಿನಲ್ಲಿ ಎಂಟು ಸಾಲಿನ ಟ್ರ್ಯಾಕು, ಗಂಟೆಗಿಷ್ಟು ಬಾಡಿಗೆ. ಅಲ್ಲಿ ಓಡುತ್ತಿದ್ದವು 24ನೆಯ ಒಂದು, 32ನೆಯ ಒಂದು ಪ್ರಮಾಣದ ಕಾರುಗಳು. ಮೊದಮೊದಲು ಉತ್ಸಾಹಿಗಳು ಷೋಕೇಸಿಗೆಂದು ಮಾರುತ್ತಿದ್ದ ರೆವೆಲ್, ಮೊನೊಗ್ರಾಮ್ ಕಿಟ್ಟುಗಳನ್ನು ಜೋಡಿಸಿ, ಅಡಿಯಲ್ಲಿ ಚಾಸಿ ಕಟ್ಟುತ್ತಿದ್ದರು. ಯಾವ ಬಾಡಿ ಬರುತ್ತದೋ ತಿಳಿಯದ್ದರಿಂದ, ತಿರುಪು ಸಡಿಲಿಸಿ ಉದ್ದ ಕುಗ್ಗಿಸಿ ಹಿಗ್ಗಿಸಬಹುದಾದ ಚಾಸಿಗಳು ಮಾರುಕಟ್ಟೆಗೆ ಬಂದವು. ನಮ್ಮದು ಆ ಜಾತಿಯದು.

ಕಿಟ್ಟಿನ ಬಾಡಿ ಭಾರ, ಬಿದ್ದರೆ ಒಡೆಯುತ್ತದೆ. ಹಾಗಾಗಿ ಹಾಳೆಯ ಬಾಡಿ ಬಂತು. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಕಾರಿನ ಆಕಾರದ ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆದರೆ ಹಾಳೆ ಅಚ್ಚನ್ನು ಅಪ್ಪಿಕೊಳ್ಳುತ್ತದೆ. ಕತ್ತರಿಯಿಂದ ಅಂಚು ಕತ್ತರಿಸಿ ಬಣ್ಣವನ್ನು ಒಳಗಿನಿಂದ ಬಳಿಯುವುದು. ಹೊರಗೆ ಎಷ್ಟು ಉಜ್ಜಿದರೂ ಬಣ್ಣ ಹೋಗದು. ಚಾಸಿಯ ಪಕ್ಕದಲ್ಲಿ ಬೆಸೆದ ಸಣ್ಣ ಹಿತ್ತಾಳೆ ನಳಿಗೆಗೆ ಬಾಡಿಯ ಮೂಲಕ ಗುಂಡುಸೂಜಿ ಚುಚ್ಚಿದರೆ ಮುಗಿಯಿತು. ಆದರೆ ಗೆಲ್ಲುವ ಹಟದಲ್ಲಿ ಬಾಡಿ ವರ್ಷ ವರ್ಷಕ್ಕೆ ಚಪ್ಪಟೆಯಾಗುತ್ತ ಹೋಗಿ, 1970ರ ದಶಕದಲ್ಲಿ ಅದು ಯಾವ ಕಾರು ಎಂದು ಹೇಳುವುದೇ ಕಷ್ಟವಾಯಿತು. ನಮ್ಮ ಅಭಿಪ್ರಾಯ ಕೇಳಿದರೆ ಅದು ಕಾರಲ್ಲ, ಓಡುವ ಬಾಣಲೆ. ಅಷ್ಟರಲ್ಲಿ ಜನರ ಹುಚ್ಚೂ ಇಳಿದಿತ್ತು. ಆ ಅಂಗಡಿಗಳಲ್ಲಿ ಬಹುಪಾಲು 1960ರ ದಶಕ ಮುಗಿಯುವ ಮುನ್ನವೇ ಬಾಗಿಲು ಹಾಕಿದವು. ಅರೋರಾ ಸಂಸ್ಥೆಯನ್ನು 1971ರಲ್ಲಿ ಕೊಂಡದ್ದು ಬಿಸ್ಕತ್ತಿನ ನಬಿಸ್ಕೋ.

ಇನ್ನು ನಮ್ಮ ಬಾಡಿಯ ವಿಚಾರ. ಪೆಟ್ಟಿಗೆಯ ಹಿತ್ತಾಳೆ ಚಾಸಿಯ ಮುಂದಿನ ಆಕ್ಸಲಿನಿಂದ ಹಿಂದಿನ ಆಕ್ಸಲಿಗೆ ಸರಿಯಾಗಿ ಮೂರು ಅಂಗುಲವಿತ್ತು. ನಿಜವಾದ ಜಾಗ್ವಾರ್ ಇ-ಟೈಪಿನಲ್ಲಿ ಈ ದೂರ 96 ಅಂಗುಲ. 32ರಿಂದ ಭಾಗಿಸಿದರೆ ಮೂರು. ಮಿನಿ ಕಾರಿನದು 80, ಅಂದರೆ ಎರಡೂವರೆ. ಕುತೂಹಲಕ್ಕೆ ನಮ್ಮ ಅಂಬಾಸಿಡರಿನದು ನೋಡಿದೆವು: 97! ಅಗಲವೂ ಜಾಗ್ವಾರಿನಷ್ಟೇ. ಆ ಸುಂದರಾಂಗನ ಚಾಸಿಯ ಮೇಲೆ ನಮ್ಮ ಸರಕಾರಿ ಅಂಬಾಸಿಡರು ಸಲೀಸಾಗಿ ಕೂರುತ್ತದೆ ಎಂದು ಯಾರು ಎಣಿಸಿದ್ದರು! (ನಿಜವಾದ ಅಂಬಾಸಿಡರಿಗೆ ಲಾರಿಯಂತೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಅದರ ಬೆನ್ನೆಲುಬು, ಮೂಲ ಮಾರಿಸ್ ಆಕ್ಸ್‌ಫರ್ಡಿನದೂ ಹಾಗೆಯೇ.) ತೊಡಕು ಒಂದೇ. ಜಾಗ್ವಾರಿನ ಎತ್ತರ 48 ಅಂಗುಲ, ಅಂಬಾಸಿಡರಿನದು 63. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ಮಗುಚುವುದು ಸುಲಭ.

ಮನೆಯಲ್ಲೊಂದು ಪ್ಲಾಸ್ಟಿಕ್ ಅಂಬಾಸಿಡರು ಇತ್ತು. ನಮ್ಮ ತೀರ್ಥರೂಪರು ಕೊನೆಯ ಸಲ ಇಲ್ಲಿಗೆ ಬಂದಾಗ ಮೊಮ್ಮಗನಿಗೆ ತಂದುಕೊಟ್ಟದ್ದು. ಅವರು ಸರ್ವಿಸಿನ ಬಹುಭಾಗ ಕಳೆದದ್ದು ಕಚೇರಿಯ ಬಿಳಿ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ. 1950ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಆ ಕಾರು 2014ರಲ್ಲಿ ನಿಂತಿತು. ನಮ್ಮ ತಂದೆ ಅದಕ್ಕೂ ಮುಂಚೆ ಹೋದರು. ಆಟಿಕೆಯ ತಳ ಕತ್ತರಿಸಿ, ಒಳಗಿನ ಸ್ಪ್ರಿಂಗ್ ತೆಗೆದರೆ ಚಾಸಿ ಒಳಗೆ ಹಿಡಿಸುತ್ತಿತ್ತು. ಗರಗಸವನ್ನೂ ಕೈಗೆತ್ತಿಕೊಂಡಿದ್ದೆವು. ಮಗ ಏನೂ ಹೇಳಲಿಲ್ಲ, ಪಕ್ಕದಲ್ಲಿಟ್ಟಿದ್ದ ಆ ಮಡ್‌ಗಾರ್ಡಿಲ್ಲದ ಜಾಗ್ವಾರನ್ನು ಎತ್ತಿ ನಮ್ಮ ಮುಂದಿಟ್ಟ. ಗರಗಸ ಕೆಳಗಿಟ್ಟೆವು.

ನಮ್ಮ ಸಂಘದ ದಂತವೈದ್ಯರೊಬ್ಬರು ನೆರವಿಗೆ ಬಂದರು. ಹಲ್ಲಿನ ಪಡಿಯಚ್ಚು ತೆಗೆಯುವ ನೀಲಿ ಸಿಲಿಕೋನಿನಿಂದ ಆಟಿಕೆಯ ಅಚ್ಚು ತೆಗೆದು, ಅದರೊಳಗೆ ಗಟ್ಟಿ ಗಾರೆ ಸುರಿದು, ಗಾರೆಯ ಅಂಬಾಸಿಡರು ಎರಕ ಹೊಯ್ದರು. ಹಾಳೆ ಎಳೆಯುವ ಯಂತ್ರವೂ ಅವರಲ್ಲಿದೆ, ಆದರೆ ಅದು ದವಡೆಯ ಅಳತೆಯದು, ಕಾರು ಹಿಡಿಸಲಿಲ್ಲ. ಕೊನೆಗೆ ತೂತು ಕೊರೆದ ಮರದ ಪೆಟ್ಟಿಗೆಯ ಮೇಲೆ ಗಾರೆಯ ಕಾರಿಟ್ಟು, ಪೆಟ್ಟಿಗೆಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸಿಕ್ಕಿಸಿ, ಅಡುಗೆಮನೆಯ ಅವನ್ನಿನಲ್ಲಿ ಹಾಳೆ ಕಾಯಿಸಿದೆವು. ಮೊದಲನೆಯದು ಸುಕ್ಕಾಯಿತು, ಎರಡನೆಯದು ಹರಿಯಿತು. ಮೂರನೆಯದಕ್ಕೆ ಮೊದಲು ಮನೆಯಾಕೆ ಎಲ್ಲ ಕಿಟಕಿಗಳನ್ನೂ ತೆರೆದು, ಇನ್ನೊಂದೇ ಸಲ ಎಂದು ಎಚ್ಚರಿಸಿದರು. ಅದು ಸರಿಯಾಗಿ ಬಂತು. ಬಾನೆಟ್ಟಿನ ಉಬ್ಬು, ಹೆಡ್‌ಲೈಟಿನ ಹುಬ್ಬು, ಎಲ್ಲ ಮೂಡಿತ್ತು.

ಆಟಿಕೆಯ ಅಳತೆ ಸುಮಾರು 35ನೆಯ ಒಂದು. ಹಾಗಾಗಿ ಚಾಸಿಯ ತಿರುಪು ಸಡಿಲಿಸಿ ಮೂರರಿಂದ ಎರಡೂಮುಕ್ಕಾಲು ಅಂಗುಲಕ್ಕೆ ಕುಗ್ಗಿಸಿದೆವು. ಹಿಂದಿನ ಟಯರು ಉಜ್ಜಿತು. ಮಡ್‌ಗಾರ್ಡಿನ ಬದಲು ಹೊಸ ಟಯರನ್ನೇ ಮರಳುಕಾಗದದಲ್ಲಿ ತೇಯ್ದೆವು. ಬಾಡಿಯನ್ನು ಬಿಗಿಯಾಗಿ ಕಟ್ಟದೆ ಕೂದಲೆಳೆಯಷ್ಟು ಅಲುಗಾಡಲು ಬಿಡಬೇಕೆಂಬುದು ಹಳಬರ ಪಾಠ. ಚಾಸಿ ನಡುಗಿದಾಗ ಆ ನಡುಕ ಬಾಡಿಗೆ ಪೂರ್ತಿ ಏರದು. ಒಳಗಿನಿಂದ ಬಿಳಿ ಬಣ್ಣ ಬಳಿದೆವು. ಹಾಳೆ ಹಗುರವಾದ್ದರಿಂದ ಭಾರವೆಲ್ಲ ಕೆಳಗೇ ಉಳಿದು, ಹೆದರಿದಷ್ಟು ಮಗುಚುವುದಿಲ್ಲ. ಊಟದ ಮೇಜಿನ ಪಕ್ಕದ ಕಿರುತಿರುವಿನಲ್ಲಿ ಮಾತ್ರ ಮೆತ್ತಗೆ ಹೋಗಬೇಕು.

ತಂದೆಯವರ ಆಟಿಕೆ ಷೋಕೇಸಿಗೆ ಮರಳಿದೆ. ಗ್ರಿಲ್ಲಿನ ಸಂದಿಯಲ್ಲಿ ಒಂದಿಷ್ಟು ನೀಲಿ ಸಿಲಿಕೋನ್ ಸಿಕ್ಕಿಕೊಂಡಿದೆ, ಕೆದಕಲು ಧೈರ್ಯ ಬಂದಿಲ್ಲ. ದೀಪಾವಳಿ ಕೂಟಕ್ಕೆ ಟ್ರ್ಯಾಕನ್ನು ತರುತ್ತೇವೆ. ಉಳಿದ ನಾಲ್ಕು ಪುಟ್ಟ ಚಾಸಿಗಳಲ್ಲಿ ಮೂರಕ್ಕೆ ಇನ್ನೂ ಬಾಡಿಯಿಲ್ಲ. ನಾಲ್ಕನೆಯದಕ್ಕೆ ಆ ಜಾಗ್ವಾರನ್ನೇ, ಇದ್ದ ಹಾಗೆ, ಅಗಲ ಟಯರಿನೊಂದಿಗೆ ಕೂರಿಸಿದ್ದೇವೆ.